ಸೊನ್ನೆಯಿಂದ ಹತ್ತರವರೆಗೆ

"ಮೇಡಂ, ನಾವಿಬ್ರೂ ನೋಡಿದ್ದು ಒಂದ ಹುಡುಗೀನ್ನ ಹೌದಲ್ರಿ?"

ಇಟ್ಟಿಗಿ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು ಅರುಣಕುಮಾರ್ ಆಡಿದ ಮೊದಲ ಮಾತೇ ಇದು. ಶಿಕ್ಷಕಿ ಶೈಲಾಗೆ ಮೈಯೆಲ್ಲ ಉರಿದುಹೋಯಿತು!

ಅವನು ಹಗರಿಬೊಮ್ಮನಹಳ್ಳಿಯಿಂದ ಬರುವ ಸಂಶೋಧಕ. ಮಕ್ಕಳಿಗೆ ಪಾಠದ ಮೇಲೆ ಗಮನ ಎಷ್ಟಿದೆ ಎಂದು ಇಬ್ಬರೂ ಬೇರೆಬೇರೆಯಾಗಿ ಗುರುತು ಹಾಕಬೇಕಿತ್ತು. ಇದ್ದದ್ದು ಮೂರೇ ಆಯ್ಕೆ: ಇಲ್ಲ, ಕೆಲವೊಮ್ಮೆ, ಯಾವಾಗಲೂ. ಪಾಠ ಕೇಳುತ್ತಲೇ ಕಿಟಕಿಯತ್ತ ಕತ್ತು ಹೊರಳಿಸುವ ಪುಟ್ಟ ಕಹಕಶಾ ಆ ಮೂರರಲ್ಲಿ ಎಲ್ಲೂ ಹಿಡಿಸುತ್ತಿರಲಿಲ್ಲ. ಶೈಲಾ 'ಯಾವಾಗಲೂ' ಎಂದಳು. ಅವನು 'ಕೆಲವೊಮ್ಮೆ' ಎಂದ.

"ನನ್ನ ಕಣ್ಣು ಸರಿ ಅದಾವ್ರಿ!"

"ನನ್ನವೂ ಸರಿ ಅದಾವ್ರಿ. ಅಳತೀನ ಸರಿ ಇಲ್ಲ."

ಮರುವಾರ ಸೊನ್ನೆಯಿಂದ ಹತ್ತರವರೆಗೆ ಒಂದು ಗೆರೆ ಎಳೆದು ತಂದ. ಅವಳ ಗುರುತು ಏಳಕ್ಕೆ ಬಿತ್ತು, ಅವನದು ಅದಕ್ಕೆ ತುಸು ಹಿಂದೆ! ಅಲ್ಲಿಗೆ ಜಗಳ ಮುಗಿಯಿತು. ಹಾಳಾದ ಮನಸ್ಸು ಅಂದಿನಿಂದಲೇ ಅವನ ಬಸ್ಸಿನ ದಾರಿ ಕಾಯತೊಡಗಿತು.

ಆದರೆ... ಹೋದ ವಾರ ಅವನು ನೇರವಾಗಿ ಕೇಳಿಬಿಟ್ಟಿದ್ದ. "ನನ್ನ ಮದುವಿ ಆಗ್ತೀರೇನ್ರಿ? ಹೂಂ ಇಲ್ಲಾ ಊಹೂಂ, ಒಂದು ಹೇಳ್ರಿ."

ಹೂಂ ಅನ್ನಲು ಧೈರ್ಯ ಬರಲಿಲ್ಲ. ಊಹೂಂ ಅನ್ನಲು ಮನಸ್ಸು ಬರಲಿಲ್ಲ. ಅವಳು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋಗಿಬಿಟ್ಟಳು. ಅವನು ಅದನ್ನೇ ಊಹೂಂ ಎಂದುಕೊಂಡ.

ಇಂದು ಅವನ ಕೆಲಸದ ಕೊನೆಯ ದಿನ. ನಾಳೆ ತಾಯಿ ಕೊಟ್ರಬಸಮ್ಮ ಅವನನ್ನು ಹೆಣ್ಣು ನೋಡಲು ಹಡಗಲಿಗೆ ಕರೆದೊಯ್ಯುತ್ತಾರಂತೆ ಎಂಬ ಸುದ್ದಿ ಸ್ಟಾಫ್ ರೂಮಿನಲ್ಲಿ ಕಿವಿಗೆ ಬಿದ್ದಿತ್ತು. ಶೈಲಾಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬೋರ್ಡಿನ ಮೇಲೆ ಒಂದೇ ಲೆಕ್ಕವನ್ನು ಎರಡು ಸಲ ಬರೆದಳು.

'ಹೇಳಲೇ? ಈಗ ಹೇಳಿ ಏನು ಬಂತು?'

ಅವನು ಬ್ಯಾಗು ಹೆಗಲಿಗೇರಿಸಿ ಗೇಟು ದಾಟಿದ. ಇನ್ನು ತಡೆಯಲಾಗಲಿಲ್ಲ, ಓಡಿಬಂದಳು.

"ಒಂದು ಕೂಸಿನ ಗಮನ ಅಳ್ಯಾಕ ಅಷ್ಟುದ್ದ ಗೆರಿ ಎಳದ್ರಿ. ನನ್ನ ಮನಸಿಗಿ ಎರಡ ಮಾತು ಇಟ್ರಲ್ರಿ!"

ಅವನು ನಿಂತುಬಿಟ್ಟ. "ತಪ್ಪಾತ್ರಿ... ಆ ಎರಡರ ನಡುವ ಏನಿತ್ತು?"

"ಅಂಜಿಕಿ ಇತ್ರಿ! ಮದುವಿ ಆದಮ್ಯಾಲ ಸಾಲಿ ಕೆಲಸ ಬಿಡಸ್ತೀರೇನೋ ಅಂತ. ಪ್ರೀತಿ ಇರಲಿಲ್ಲ ಅಂತಲ್ಲ..." ಅವಳ ಕಣ್ಣು ತುಂಬಿ ಬಂದವು.

ಅವನು ಅಲ್ಲೇ ಫೋನ್ ತೆಗೆದ. "ಯವ್ವಾ, ನಾಳಿ ಹಡಗಲಿಗಿ ನಾ ಬರಂಗಿಲ್ಲ... ಹೌದು, ಇಟ್ಟಿಗಿ ಮೇಡಮ್ಮೋರ. ಅವ್ರು ಸಾಲಿ ಬಿಡಂಗಿಲ್ಲ, ನಾನೂ ಬಿಡಸಂಗಿಲ್ಲ."

"ನಾ ಇನ್ನೂ ಒಪ್ಪಿಲ್ರಿ!"

"ಗೊತ್ತೈತ್ರಿ. ಒಪ್ಪೋತನಕ ಕಾಯ್ತೀನಿ."

ಬಸ್ಸು ಬಂತು, ನಿಂತಿತು, ಹೋಯಿತು. ಅವನು ಹತ್ತಲಿಲ್ಲ. ಶೈಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬರ್ರಿ, ನಮ್ಮ ಮನಿಗಿ ಹೋಗೂಣು. ಅಪ್ಪನ ಮುಂದ ನಾನ ಹೇಳ್ತೀನಿ."

"ಏನಂತ್ರಿ?"

"ಇವ್ರು ನನಗ ಬೇಕು ಅಂತ!"