ಕೈಗಿಂತ ಮೊದಲು ಬಂದ ದನಿ

ಯೋಕೋಹಾಮಾ ಬಂದರಿನಲ್ಲಿ ಕಂಟೇನರೊಂದು ಓರೆಯಾಗಿ ಬಿದ್ದಿತ್ತು. ಅದರಡಿ ಸಿಕ್ಕಿದ್ದ ಕೆಲಸಗಾರ ಕುದೋ ಸಾನ್‌ನನ್ನು ಆಗಷ್ಟೇ ಆಂಬುಲೆನ್ಸ್ ಒಯ್ದಿತ್ತು. ಜೀವಕ್ಕೆ ಅಪಾಯವಿರಲಿಲ್ಲ. ಕಾಲು ಮಾತ್ರ ಜಜ್ಜಿಹೋಗಿತ್ತು.

ಕಂಟೇನರ್ ಎತ್ತುವ ಆ ಕ್ರೇನಿನ ಮೇಲೆ ಯಾರೂ ಕೂರುವುದಿಲ್ಲ. ದೂರದ ಕಂಟ್ರೋಲ್ ರೂಮಿನಲ್ಲಿ ವಯಸ್ಸಾದ ಮೊರಿತಾ ಸಾನ್ ಪರದೆ ನೋಡುತ್ತಾ ಅದನ್ನು ಆಡಿಸುತ್ತಾನೆ. ಚಿತ್ರ, ದನಿ ಎರಡನ್ನೂ ತಂದುಕೊಡುವ ಲೈನು ಸಿಂಧೂರಾಳ ಕಂಪನಿಯದು. ಲೈನ್ ಕೆಟ್ಟರೆ ತನಿಖೆಗೆ ಓಡುವವಳು ಅವಳೇ.

"ನಿಲ್ಲಿಸಿದೆ, ಆದರೂ ನಿಲ್ಲಲಿಲ್ಲ," ಮೊರಿತಾ ತಲೆ ಬಗ್ಗಿಸಿದ. "ಬೆಳಿಗ್ಗೆಯಿಂದ ನನ್ನ ಕೈ ನಿಧಾನವಾಗಿತ್ತು. ಸುಮಿಮಾಸೆನ್, ಕ್ಷಮಿಸಿ."

"ಕೈ ಅಲ್ಲ, ಲೈನು!" ಬಂದರು ಕಂಪನಿಯ ಸಿಸ್ಟಂ ಮ್ಯಾನೇಜರ್ ವಿಘ್ನೇಶ್ ಕನ್ನಡದಲ್ಲೇ ಗುಡುಗಿದ. "ಚಿತ್ರ ಅರ್ಧ ಸೆಕೆಂಡ್ ಲೇಟು ಬಂದಿದೆ. ಸಿಂಧೂರಾ, ನಿಮ್ಮವರು ಕಾಂಟ್ರ್ಯಾಕ್ಟ್ ಮುರಿದಿದ್ದಾರೆ. ನಾಳೆ ಮೀಟಿಂಗಲ್ಲಿ ಕ್ಯಾನ್ಸಲ್!"

*

ಕೊಂಬಿನಿ ಅಂಗಡಿಯ ಮುಂದೆ ಸಿಂಧೂರಾಳ ಸಹೋದ್ಯೋಗಿ ಆದರ್ಶನ ಕಾಫಿ ಆರಿ ತಣ್ಣಗಾಗಿತ್ತು. ಲೈನಿನ ತಡ ನೂರು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಹತ್ತನೇ ಒಂದು ಪಾಲು, ಮೀರಬಾರದೆಂದು ಕರಾರಿನಲ್ಲಿ ಬರೆದವನು ಅವನೇ.

"ಬಂದರಿನವರು ಐವತ್ತು ಕೇಳಿದ್ರು ಅಕ್ಕಾ. ನಾನೇ ಹಠ ಹಿಡಿದು ನೂರಕ್ಕೆ ಒಪ್ಪಿಸ್ದೆ. ಆ ಮನುಷ್ಯನ ಕಾಲು ನನ್ನಿಂದ ಹೋಯ್ತು."

"ನಮ್ಮ ಮೀಟರ್ ಏನ್ ಹೇಳುತ್ತೆ?"

"ಐದ್ ನಿಮಿಷದ ಆವರೇಜು, ನಲವತ್ತು. ಆದ್ರೆ ಆವರೇಜಲ್ಲಿ ಒಂದು ಕ್ಷಣದ ತಡ ಮುಚ್ಚಿಹೋಗುತ್ತೆ. ನಾಳೆ ರಾಜೀನಾಮೆ ಕೊಟ್ಟು ತಲೆ ಬಗ್ಗಿಸ್ತೀನಿ. ಮನೇಲಿ ಸುಪ್ರೀತಾಗೆ ಇನ್ನೂ ಹೇಳಿಲ್ಲ."

ಸಿಂಧೂರಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತಲೆಗೆ ಹುಳ ಬಿಟ್ಟಂತಾಗಿತ್ತು. ಮೊರಿತಾ ಹೇಳಿದ್ದು 'ಬೆಳಿಗ್ಗೆಯಿಂದ' ಎಂದು. ಆವರೇಜು ಒಂದು ಕ್ಷಣವನ್ನು ಮುಚ್ಚೀತು, ಇಡೀ ಬೆಳಗನ್ನು ಮುಚ್ಚುವುದು ಹೇಗೆ? ಆದರೆ ಮೀಟರು ತಮ್ಮದೇ. ಕಳ್ಳನಿಗೆ ಅವನ ಮನೆಯವರೇ ಸಾಕ್ಷಿ ಎಂದು ನಗುತ್ತಾರೆ. ಬೇರೆ ಸಾಕ್ಷಿ ಬೇಕಿತ್ತು.

*

ಕಂಟ್ರೋಲ್ ರೂಮಿನ ಸೂರಿನಲ್ಲೊಂದು ಕ್ಯಾಮೆರಾ ಇತ್ತು. ಮೊರಿತಾ ಕಂಡದ್ದು, ಕೇಳಿದ್ದು ಎಲ್ಲವೂ ಅದರಲ್ಲಿತ್ತು. ಸಿಂಧೂರಾ ಅಂದಿನ ರೆಕಾರ್ಡಿಂಗ್ ಹಾಕಿ ನೋಡಿದಳು.

ಪ್ರತಿ ಸಲ ಎತ್ತುವ ಮುನ್ನ ಮೊರಿತಾ ಪರದೆಗೆ ಬೆರಳು ತೋರಿಸಿ "ಯೋಶಿ!" ಎಂದು ಕೂಗುತ್ತಾನೆ. ಸರಿಯಿದೆ ಎಂದರ್ಥ. ಅಲ್ಲಿ ಕ್ರೇನಿನಡಿ ಕುದೋ ಕೈಯೆತ್ತಿ ಅದನ್ನೇ ಕೂಗುತ್ತಾನೆ. ಇಲ್ಲಿನ ಕೆಲಸಗಾರರಿಗೆ ಅದು ಉಸಿರಿನಷ್ಟು ರೂಢಿ.

"ಇನ್ನೂ ಅದನ್ನೇ ನೋಡ್ತಿದೀರಾ?" ಬಾಗಿಲಲ್ಲಿ ವಿಘ್ನೇಶ್ ನಕ್ಕ. "ಬೆರಳು ತೋರಿಸೋದು, ಕಿರುಚೋದು! ಇವರದೊಂದು ಸಂಧ್ಯಾವಂದನೆ."

ಅವನು ಹೋದ ಮೇಲೆ ಸಿಂಧೂರಾ ಮತ್ತೆ ಹಾಕಿದಳು. ತಟ್ಟನೆ ಮುಂದೆ ಬಾಗಿದಳು. ಕುದೋನ "ಯೋಶಿ" ತಕ್ಷಣ ಕೇಳಿಸಿತು. ಅವನ ಕೈ ಮಾತ್ರ ಪರದೆಯ ಮೇಲೆ ಆಮೇಲೆ ಎದ್ದಿತು. ಅಳೆದಳು. ಸರಿಯಾಗಿ ಅರ್ಧ ಸೆಕೆಂಡ್.

*

ಮಾರನೆಯ ದಿನ ಸಭೆಯಲ್ಲಿ ಅವಳು ಜಪಾನಿಯಲ್ಲಿ ವಿವರಿಸಿದಳು.

"ದನಿ, ಚಿತ್ರ ಬರುವುದು ಒಂದೇ ಲೈನಿನಲ್ಲಿ. ಲೈನು ತಡವಾಗಿದ್ದರೆ ಎರಡೂ ತಡವಾಗಬೇಕು. ಚಿತ್ರವೊಂದೇ ತಡವಾಗಿದೆ. ಅಂದರೆ ಲೈನ್ ದಾಟಿದ ಮೇಲೆ, ಪರದೆಯ ಹಿಂದಿನ ವಿಡಿಯೋ ಪೆಟ್ಟಿಗೆಯಲ್ಲಿ ಯಾರೋ ಅದನ್ನು ಹಿಡಿದಿಟ್ಟಿದ್ದಾರೆ. ನಮ್ಮ ಕರಾರು ಲೈನಿನ ತುದಿಯವರೆಗೆ ಮಾತ್ರ ಅಳೆಯುತ್ತದೆ. ಆ ಪೆಟ್ಟಿಗೆ ಯಾರ ಲೆಕ್ಕಕ್ಕೂ ಇಲ್ಲ."

"ಪೆಟ್ಟಿಗೆ ಕೆಟ್ಟಿರಬಹುದು," ಎಂದ ವಿಘ್ನೇಶ್.

"ಇಂದು ಬೆಳಿಗ್ಗೆ ನೋಡಿದೆ, ಅದರಲ್ಲಿ ತಡವೇ ಇಲ್ಲ. ಅಪಘಾತವಾದ ಮೇಲೆ ತಾನಾಗಿಯೇ ಸರಿಹೋಯಿತೇ?" ಅವಳು ಥಟ್ಟನೆ ಕನ್ನಡಕ್ಕೆ ಹೊರಳಿದಳು. "ಅರ್ಧ ಸೆಕೆಂಡ್ ಅಂತ ನಾನು ಅಳೆದಿದ್ದು ನಿನ್ನೆ ಸಂಜೆ. ಮೊರಿತಾ ಬರೀ ನಿಧಾನ ಅಂದ್ರು. ಆಂಬುಲೆನ್ಸ್ ಹೋದ ಕೂಡಲೇ ಅರ್ಧ ಸೆಕೆಂಡ್ ಅಂದೋರು ನೀವು. ನಿಮಗೆ ಯಾರು ಅಳೆದು ಕೊಟ್ರು, ವಿಘ್ನೇಶ್?"

ಅವನ ಮುಖ ಸುಣ್ಣವಾಯಿತು.

"ನಿಮ್ಮನ್ನ ಹಿಡಿದುಕೊಟ್ಟಿದ್ದು ದನಿ," ಎಂದಳು. "ಸಂಧ್ಯಾವಂದನೆ ಅಂತ ನಕ್ಕಿರಲ್ಲ, ಅದನ್ನ ತಡ ಮಾಡೋಕೆ ಮರೆತ್ರಿ."

"ಒಂದು ದೂರು ಬಂದಿದ್ರೆ ಸಾಕಿತ್ತು," ವಿಘ್ನೇಶನ ಮಾತು ತೊದಲಿತು. "ಲೈನ್ ಸರಿಯಿಲ್ಲ ಅಂತ ಒಂದು ದೂರು. ಕಾಂಟ್ರ್ಯಾಕ್ಟ್ ಬೇರೆ ಕಂಪನಿಗೆ ಹೋಗೋದು, ಅಲ್ಲಿ ನನಗೆ ಡೈರೆಕ್ಟರ್ ಕುರ್ಚಿ. ಯಾರಿಗೂ ಏಟಾಗ್ಬೇಕು ಅಂತಿರ್ಲಿಲ್ಲ. ಬೆಳಿಗ್ಗೆಯಿಂದ ಕಾದೆ. ಆ ಮನುಷ್ಯ ದೂರೇ ಕೊಡ್ಲಿಲ್ಲ! ತನ್ನದೇ ತಪ್ಪು ಅಂದ್ಕೊಂಡು ಹಲ್ಲು ಕಚ್ಚಿ ಕೆಲಸ ಮಾಡ್ತಾ ಹೋದ!"

ಆದರ್ಶ್ ಎದ್ದು ನಿಂತ. ಓಜಿಮಾ ಬಡಾವಣೆಯಲ್ಲಿ ಅವನದೂ ವಿಘ್ನೇಶನದೂ ಎದುರುಬದುರು ಮನೆ. ಪ್ರತಿ ಭಾನುವಾರ ವಿಘ್ನೇಶನ ಊಟ ಆದರ್ಶನ ಹೆಂಡತಿ ಸುಪ್ರೀತಾಳ ಕೈಯದೇ. ಉಂಡ ಮನೆಗೆ ಎರಡು ಬಗೆದವನ ಮಾತನ್ನು ಅವನು ಒಂದಕ್ಷರವೂ ಬಿಡದೆ ಜಪಾನಿಗೆ ತಿರುಗಿಸಿ ಹೇಳಿದ.

ಪೊಲೀಸರಿಗೆ ಫೋನ್ ಹೋಯಿತು. ಮೂಲೆಯಲ್ಲಿ ಕೂತಿದ್ದ ಮೊರಿತಾ ತನ್ನ ಎರಡೂ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

"ಹಾಗಾದರೆ ನನ್ನ ಕೈ ನಿಧಾನವಾಗಿರಲಿಲ್ಲವೇ?"

"ಇಲ್ಲ ಮೊರಿತಾ ಸಾನ್," ಎಂದ ಆದರ್ಶ್.

ಮುದುಕ ಮುಖ ಮುಚ್ಚಿಕೊಂಡು ಅತ್ತ. ಆದರ್ಶ್ ಜೇಬಿನಲ್ಲಿದ್ದ ರಾಜೀನಾಮೆಯ ಲಕೋಟೆಯನ್ನು ಮುದುರಿದ.

"ಅಕ್ಕಾ, ಆಸ್ಪತ್ರೆಗೆ ಹೋಗೋಣ ಬನ್ನಿ," ಎಂದ. "ಇನ್ಮೇಲೆ ಕರಾರಿನ ಅಳತೆ ಲೈನಿನ ತುದಿಗೆ ನಿಲ್ಲೋದು ಬೇಡ. ಕುದೋ ಸಾನ್ ಕೈಯಿಂದ ಮೊರಿತಾ ಸಾನ್ ಕಣ್ಣಿನವರೆಗೂ ಅಳೆಯೋಣ. ಆ ಮಾತು ಮೊದಲು ಕುದೋ ಸಾನ್‌ಗೇ ಕೊಡ್ಬೇಕು."