ಹಿಂದ ಇದ್ದವರು ಯಾಕ ಬಿಟ್ಟು ಹೋದ್ರು?

ಹಿಂದವಾಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ ಇರುವ ಮನೆಗೆ ಬಾಡಿಗೆ ಹನ್ನೊಂದು ಸಾವಿರ. ಅಡ್ವಾನ್ಸ್ ಐವತ್ತು ಸಾವಿರ. ಶಾಲೆಯ ರಿಕ್ಷಾಕ್ಕೆ ತಿಂಗಳಿಗೆ ಸಾವಿರದ ಇನ್ನೂರು. ನೀರು, ಕರೆಂಟು ಬೇರೆ.

ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ಮೇಘಾ ಇಷ್ಟನ್ನೂ ಮನಸ್ಸಿನಲ್ಲೇ ಕೂಡಿಸಿ, ಸಂಬಳದಿಂದ ಕಳೆದಿದ್ದಳು. ಉಳಿಯುವುದು ಕಡಿಮೆ. ಆದರೂ ಉಳಿಯುತ್ತದೆ.

ಅವಳ ನಿದ್ದೆ ಕೆಡಿಸಿದ್ದು ಆ ಲೆಕ್ಕವಲ್ಲ. ಒಂಬತ್ತು ವರ್ಷದ ಮಗಳು ನಿಖಿತಾ ಸಂಜೆ ಟ್ಯೂಷನ್ ಮುಗಿಸಿ ಒಬ್ಬಳೇ ನಡೆದು ಬರಬಹುದಾದ ಓಣಿ ಯಾವುದು? ಅದನ್ನು ಯಾವ ಏಜೆಂಟನೂ ಹೇಳಿರಲಿಲ್ಲ.

ಬರುವ ಜೂನ್‌ನಿಂದ ಬೆಳಗಾವಿಯ ಕಚೇರಿಗೆ ವರ್ಗವಾಗಿತ್ತು. ಗಂಡನನ್ನು ಬಿಟ್ಟು, ವಿಚ್ಛೇದನವಾಗಿ ನಾಲ್ಕು ವರ್ಷ. ತಪ್ಪು ಮನೆ ಹಿಡಿದರೆ ಸರಿಪಡಿಸಲು ಅವಳ ಬೆನ್ನಿಗೆ ಯಾರೂ ಇರಲಿಲ್ಲ.

ಹಾಗಾಗಿಯೇ ಅವಳು ಎಲ್ಲ ಮನೆಗಳಲ್ಲೂ ಕೇಳುವ ಪ್ರಶ್ನೆಗಳನ್ನು ಸೋದರತ್ತೆಯ ಜೊತೆ ಬಂದಿದ್ದ ಆ ದಿನವೂ ನೇರವಾಗಿ ಕೇಳಿದಳು. ಎದುರಿಗೆ ನಿಂತಿದ್ದವನು ಮನೆಯ ಮಾಲೀಕ ಶಶಿಧರ. ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ಅಂಗಡಿ. ನಲವತ್ತರ ಹತ್ತಿರದವನು. ಯಾಕೋ ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿಕೊಂಡು ಬೆವರುತ್ತಿದ್ದ.

"ನೀರು?"

"ವಾರಕ್ಕ ಎರಡು ಸಲ ಬರ್ತಾವ್ರಿ. ಟಾಕಿ ದೊಡ್ಡದೈತಿ."

"ರಾತ್ರಿ ಗೇಟಿಗೆ ಕೀಲಿ ಹಾಕೋರು ಯಾರು?"

"ನಾನ."

"ಹಿಂದ ಇದ್ದವರು ಯಾಕ ಬಿಟ್ಟು ಹೋದ್ರು?"

ಅವನ ಮುಖದ ಬಣ್ಣವೇ ಇಳಿದುಹೋಯಿತು!

'ಇಲ್ಲೇನೋ ಐತಿ...' ಮೇಘಾಳ ಮನಸ್ಸು ಎಚ್ಚರವಾಯಿತು. ಈ ಪ್ರಶ್ನೆಗೆ ತಡವರಿಸುವ ಮಾಲೀಕರನ್ನು ಅವಳು ನಂಬುತ್ತಿರಲಿಲ್ಲ.

"ಆಕಿಗೆ... ಇಲ್ಲಿ ಹಿಡಸಲಿಲ್ರಿ."

"ಎಷ್ಟು ವರ್ಷ ಇದ್ರು?"

"ಮೂರು."

"ಗಲಾಟಿ ಏನರ ಆಗಿತ್ತೇನು?"

"ಗಲಾಟಿ ಇಲ್ರಿ." ಅವನು ನೆಲ ನೋಡಿದ. "ನಾ ದುಕಾನದಿಂದ ಬಂದು, ಉಂಡು, ಮಲಗತಿದ್ದೆ. ಗ್ವಾಡಿ ಜೋಡಿ ಇದ್ದಂಗ ಆಗತೈತಿ ಅಂದ್ಲು. ಸುಳ್ಳು ಹೇಳಂಗಿಲ್ಲ, ತಪ್ಪು ನಂದೂ ಇತ್ತು."

ಮೇಘಾಗೆ ಆಶ್ಚರ್ಯ! ಮಾಲೀಕ ಮಾತಾಡಲಿಲ್ಲ ಅಂತ ಮನೆ ಖಾಲಿ ಮಾಡುವವರೂ ಇರುತ್ತಾರೆಯೇ?

"ಆತು ಬಿಡ್ರಿ. ಅಡ್ವಾನ್ಸ್ ಪೂರಾ ವಾಪಸ್ ಕೊಟ್ರ್ಯೋ, ಹಿಡಕೊಂಡ್ರ್ಯೋ?"

"ಅಡ್ವಾನ್ಸ?"

ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಗಂಗಾದೇವಿ ತಾಟು ಹಿಡಿದು ಬಂದರು. ತಾಟಿನಲ್ಲಿ ರವಿಕೆಯ ಖಣ, ಅಕ್ಕಿ, ತೆಂಗಿನಕಾಯಿ, ಅರಿಷಿಣ ಕುಂಕುಮ.

"ಸೆರಗು ಒಡ್ಡವ್ವ, ಉಡಿ ತುಂಬತೇನಿ. ಸೀರಿ ಉಟ್ಟಿಲ್ಲೇನು? ಓಡಣಿ ಒಡ್ಡು, ನಡೀತೈತಿ."

"ಬಾಡಿಗಿ ಮನಿ ಕೇಳಾಕ ಬಂದವರಿಗೆ ಉಡಿ ತುಂಬತೀರೇನ್ರಿ?"

"ಬಾಡಿಗಿ? ಯಾರ ಬಾಡಿಗಿ?"

ಮೂವರೂ ಒಮ್ಮೆಲೇ ಮೂಲೆಯ ಕುರ್ಚಿಯತ್ತ ತಿರುಗಿದರು. ಅಲ್ಲಿ ಕುಳಿತು ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತಿದ್ದವಳು ಬೀಡಿ ಎಂಬ ಊರಿನಿಂದ ಬಂದಿದ್ದ ಮೇಘಾಳ ಅತ್ತೆ ಶಿವಬಸವ್ವ. ತಂದೆಯ ಅಕ್ಕ.

"ನಾ ಫೋನಿನ್ಯಾಗ 'ನಮ್ಮ ಹುಡುಗಿ ಮನಿ ನೋಡಾಕ ಬರ್ತಾಳ' ಅಂದೆ, ಅಷ್ಟ! ಮ್ಯಾಲಿನ ಮನಿ ಖಾಲಿ ಐತಿ ಅಂತ ಯಾರೋ ಹೇಳಿದ್ರು. ದೇವರಾಣಿ, ಬ್ಯಾರೆ ಏನೂ ಅಂದಿಲ್ಲ!"

ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ಮನಿ ನೋಡೂದು' ಅಂದರೆ ಬಾಡಿಗೆಗೆ ನೋಡುವುದೂ ಹೌದು. ಸಂಬಂಧ ಗಟ್ಟಿ ಮಾಡುವ ಮೊದಲು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವುದೂ ಹೌದು. ಮೊದಲ ಹೆಂಡತಿ ಬಿಟ್ಟುಹೋದ ಮಗನಿಗೆ ಎರಡನೇ ಸಂಬಂಧ ಹುಡುಕಿ ಹುಡುಕಿ ದಣಿದಿದ್ದ ಗಂಗಾದೇವಿ ತಮಗೆ ಬೇಕಾದ ಅರ್ಥವನ್ನೇ ಕೇಳಿಸಿಕೊಂಡಿದ್ದರು. 'ಹುಡುಗಿನೂ ಬರ್ತಾಳಂತ. ಇರಲಿ, ಈಗಿನ ಕಾಲ' ಎಂದು ಮಗನಿಗೆ ಹೊಸ ಅಂಗಿ ತೊಡಿಸಿದ್ದರು.

ಮೇಘಾಗೆ ನಗು ಬರಲಿಲ್ಲ. ಕಿವಿ ಬಿಸಿಯಾಯಿತು.

"ಅತ್ಯಾ, ನಮ್ಮಪ್ಪನೂ ಒಮ್ಮೆ ಮನಿ ನೋಡಿ ಬಂದಿದ್ದ. ಕೋಲಿ ಎಣಿಸಿದ, ಬಾವಿ ನೋಡಿದ, ಹೊಲ ನೋಡಿದ. ಮನ್ಯಾಗಿನ ಮನಷ್ಯಾನ್ನ ನೋಡಲಿಲ್ಲ. ಅವನ ಕೈ ಎಷ್ಟು ಬಿರುಸು ಅಂತ ನನಗ ಗೊತ್ತು. ಮತ್ತ ಅದನ್ನ ಮಾಡಾಕ ಕರಕೊಂಡು ಬಂದ್ಯಾ?"

"ಇಲ್ಲವ್ವಾ... ಖರೇನ ಇಲ್ಲ..."

ಯಾರ ಉತ್ತರಕ್ಕೂ ಕಾಯದೆ ಅವಳು ಹೊರಬಿದ್ದಳು. ಶಶಿಧರ ಗೇಟಿನವರೆಗೆ ಓಡಿ ಬಂದ.

"ನೀವೂ ಗೊತ್ತಿದ್ದ ಬಂದೀರಿ ಅನ್ಕೊಂಡಿದ್ನಿರಿ. ತಪ್ಪಾತು."

ಅವಳು ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದಾಗ ಮಾತ್ರ ಒಂದು ವಿಷಯ ಮನಸ್ಸಿಗೆ ಬಂತು... 'ತಪ್ಪು ನಂದೂ ಇತ್ತು' ಎಂದು ಒಬ್ಬ ಗಂಡಸು ಹೇಳಿದ್ದನ್ನು ಅವಳು ಕೇಳಿದ್ದು ಇದೇ ಮೊದಲು.

* * *

ವಾರ ಕಳೆದ ಮೇಲೆ ಫೋನ್ ಬಂತು.

"ನಾ ಶಶಿಧರರಿ. ನಿಮ್ಮ ಅತ್ಯಾರ ಕಡೆ ನಂಬರ್ ಇಸಗೊಂಡೆ. ಮ್ಯಾಲಿನ ಮನಿ ಖರೇನ ಖಾಲಿ ಐತ್ರಿ. ಅವ್ವ ನಿಮಗ ಕೊಡೂಣು ಅಂತಾಳ. ಆದ್ರ... ತಗೋಬ್ಯಾಡ್ರಿ."

"ಯಾಕ?"

"ನಮ್ಮ ಓಣಿ ತಿರುವಿನಾಗ ಖಾಲಿ ಪ್ಲಾಟ್ ಐತಿ. ಸಂಜಿ ಆದ ಮ್ಯಾಲೆ ಅಲ್ಲಿ ಬೆಳಕಿಲ್ಲ. ನಿಮಗ ಮಗಳದಾಳ ಅಂತ ಕೇಳಿದೆ."

ಫೋನ್ ಇಟ್ಟ ಮೇಲೆ ಮೇಘಾಳ ತುಟಿಯಲ್ಲಿ ಕಹಿ ನಗೆ. 'ಗಂಡ ಬಿಟ್ಟಾಕಿ ಮಾಳಗಿ ಮ್ಯಾಲೆ ಇದ್ರ ಮಂದಿ ಏನಂತಾರ ಅಂತ ಹೆದರಿಕಿ. ಬೆಳಕು ಇಲ್ಲ ಅಂತ ನೆಪ!' ಇಂಥ ಸಭ್ಯ ನೆಪಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು.

ಆದರೂ ಶನಿವಾರ ಸಂಜೆ ಅವಳ ಕಾಲುಗಳು ಆ ತಿರುವಿಗೇ ಬಂದವು. ಹೇಳಿದ್ದನ್ನು ಕಣ್ಣಾರೆ ನೋಡದೆ ಬಿಡುವವಳಲ್ಲ ಅವಳು. ಶಾಲೆಗಳ ವಿಷಯದಲ್ಲೂ ಹಾಗೆಯೇ. ಪ್ರಿನ್ಸಿಪಾಲರ ಕೋಣೆಯಲ್ಲಿ ಕುಳಿತು ಕೇಳಿದರೆ ಎಲ್ಲ ಶಾಲೆಯೂ ಒಳ್ಳೆಯದೇ. ಅದಕ್ಕೇ ಅವಳು ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ನಿಲ್ಲುತ್ತಿದ್ದಳು. ಕೊನೆಯ ಮಗು ಹೋಗುವ ತನಕ ಟೀಚರ್ ಯಾರಾದರೂ ನಿಲ್ಲುತ್ತಾರೋ ಇಲ್ಲವೋ? ಹುಡುಗಿಯರು ಮನೆಗೆ ಹೋಗುವ ಮೊದಲು ಅಲ್ಲಿಯ ಪಾಯಖಾನೆಗೆ ಹೋಗುತ್ತಾರೋ, ಬಿಗಿಹಿಡಿದು ಮನೆಗೆ ಓಡುತ್ತಾರೋ?

ತಿರುವು ನಿಜಕ್ಕೂ ಕತ್ತಲಾಗಿತ್ತು. ಪ್ಲಾಟಿನ ತುಂಬ ಆಳೆತ್ತರದ ಗಿಡಗಂಟಿ. ಟ್ಯೂಷನ್‌ನಿಂದ ಬರುವ ಹುಡುಗಿಯರಿಬ್ಬರು ಅಲ್ಲಿಗೆ ಬಂದೊಡನೆ ಮಾತು ನಿಲ್ಲಿಸಿ ನಡಿಗೆ ಜೋರು ಮಾಡಿದರು.

ಅಷ್ಟರಲ್ಲಿ ಗೋಡೆಯ ಬದಿಯಿಂದ ಒಂದು ಬೈಕಿನ ಹೆಡ್‌ಲೈಟ್ ಹತ್ತಿ, ದಾರಿಯುದ್ದಕ್ಕೂ ಬೆಳಕು ಚೆಲ್ಲಿತು.

"ಶಶಿ ಕಾಕಾ, ಬಾಯ್!" ಹುಡುಗಿಯರು ಕೂಗಿ ಹೋದರು.

ಬೆಳಕಿನಲ್ಲಿ ಮೇಘಾಳನ್ನು ಕಂಡು ಶಶಿಧರ ಕಕ್ಕಾಬಿಕ್ಕಿಯಾದ. "ನೀವು?! ಲೈಟಿನ ಕಂಬಕ್ಕ ಅರ್ಜಿ ಕೊಟ್ಟೇನ್ರಿ, ಇನ್ನೂ ಬಂದಿಲ್ಲ. ಅಲ್ಲೀಮಟ ಟ್ಯೂಷನ್ ಬಿಡೂ ಹೊತ್ತಿಗೆ ಬಂದು ನಿಂದರ್ತೇನಿ."

'ನೆಪ ಅಲ್ಲ...' ಅವಳು ಬೈಕಿನ ಹತ್ತಿರ ಬಂದಳು.

"ಬಾಡಿಗಿ ಕೊಡೋರು ತಮ್ಮ ಓಣಿ ಚೊಲೋ ಇಲ್ಲ ಅಂತ ಹೇಳಿದ್ದು ನಾ ಎಲ್ಲೂ ಕೇಳಿಲ್ರಿ."

"ಬೆಲ್ಲದ ವ್ಯಾಪಾರ ನಮ್ದು. ಪೆಂಟಿ ಬೆಲ್ಲ ಒಳಗ ಕರ್ರಗ ಇದ್ರ ಮೊದಲ ಹೇಳಿಬಿಡಬೇಕ್ರಿ. ಇಲ್ಲಂದ್ರ ಗಿರಾಕಿ ಮತ್ತೊಮ್ಮೆ ಬರಂಗಿಲ್ಲ."

"ನಾ ಗಿರಾಕಿ ಏನು?"

ಅವನು ಹೆಡ್‌ಲೈಟ್ ಆರಿಸಲು ಕೈ ಚಾಚಿದ. ಕಿವಿ ಕೆಂಪಾದದ್ದು ಆ ಬೆಳಕಿನಲ್ಲೂ ಕಂಡಿತು.

ಆಮೇಲಿನ ಶನಿವಾರಗಳಲ್ಲಿ ಅವರಿಬ್ಬರೂ ಸೇರಿ ಅವಳಿಗೊಂದು ಮನೆ ಹುಡುಕುತ್ತ ಓಣಿ ಓಣಿ ತಿರುಗಿದರು. ಅವಳು ನೋಡುವುದನ್ನು ಅವನೂ ನೋಡಲು ಕಲಿತ: ಸಂಜೆ ಕಟ್ಟೆಯ ಮೇಲೆ ಹೆಂಗಸರು ಕೂತಿದ್ದಾರೆಯೇ, ಸಣ್ಣ ಹುಡುಗಿ ಚೀಲ ಹಿಡಿದು ಒಬ್ಬಳೇ ಕಿರಾಣಿ ಅಂಗಡಿಗೆ ಹೋಗುತ್ತಾಳೆಯೇ, ನಾಯಿ ಬೊಗಳಿದರೆ ಯಾರಾದರೂ ಬಾಗಿಲು ತೆರೆದು ಇಣುಕುತ್ತಾರೆಯೇ. ಬಿಸಿಲಿನಲ್ಲಿ ತಿರುಗಿ ಇಬ್ಬರ ಚಪ್ಪಲಿಗಳೂ ಸವೆದವು. ಒಮ್ಮೆ ನಿಖಿತಾಳೂ ಬಂದಿದ್ದಳು. ಕಬ್ಬಿನ ಹಾಲು ಕುಡಿಯುತ್ತ ಕೇಳಿಯೇಬಿಟ್ಟಳು:

"ಅಂಕಲ್, ನಿಮಗ ಮನಿ ಐತಲ್ಲ? ಮತ್ತ ನಮ್ಮ ಜೋಡಿ ಯಾಕ ಮನಿ ಹುಡಕ್ತೀರಿ?"

"ಸುಮ್ನಿರ!" ಮೇಘಾ ಗದರಿದಳು. ಆದರೆ ಉತ್ತರಕ್ಕಾಗಿ ಅವಳ ಕಿವಿಯೂ ಕಾದಿತ್ತು.

"ನಿಮ್ಮವ್ವ ಭಾಳ ಚೆಂದ ಹುಡಕ್ತಾಳವಾ. ಅದನ್ನ ನೋಡಾಕ ಬರ್ತೇನಿ."

ಮೇ ತಿಂಗಳ ಕೊನೆಗೆ ಶಶಿಧರನೇ ಒಂದು ಮನೆ ತೋರಿಸಿದ. ಅವನ ಓಣಿಯಿಂದ ಎರಡು ಓಣಿ ಆಚೆ. ಮಾಲೀಕಳು ಕೃಷ್ಣಾಬಾಯಿ, ನಿವೃತ್ತ ನರ್ಸು, ಕನ್ನಡ ಮರಾಠಿ ಎರಡರಲ್ಲೂ ಬೈಯಬಲ್ಲ ಮುದುಕಿ. ಶಾಲೆ ನಡೆದು ಹೋಗುವಷ್ಟು ಹತ್ತಿರ. ಮೇಘಾ ತನ್ನ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿದಳು. ಎಲ್ಲವೂ ಸರಿಯಿತ್ತು!

ಆದರೆ ಹೊರಗೆ ಬಂದಾಗ ಅವಳ ಕಣ್ಣು ತುಂಬಿತ್ತು.

"ಅಡ್ವಾನ್ಸ್ ಕೊಟ್ಟು ಬಂದೆ. ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಿರುವಿಗೆ ಈಗ ಕಂಬ ಬಂದೈತಿ, ನಾ ನೋಡೇನಿ. ಆದರೂ ನಿಮ್ಮ ಮನಿ ಬಿಟ್ಟು ಮತ್ತೊಬ್ಬರ ಮನಿ ತೋರಿಸಿದ್ರಿ. ನಾ ನಿಮ್ಮ ಮನ್ಯಾಗ ಬ್ಯಾಡ, ಅಲ್ಲ?"

ಶಶಿಧರ ಬೈಕಿನ ಕೀಲಿ ಜೇಬಿಗಿಟ್ಟ. ಆಮೇಲೆ ಒಂದೊಂದೇ ಮಾತು ಕಿತ್ತು ಹೊರಗಿಟ್ಟ.

"ಬೇಕ್ರಿ. ಅದಕ್ಕ ಕೊಡಲಿಲ್ಲ. ನಮ್ಮ ಮಾಳಗಿ ಮ್ಯಾಲೆ ಇದ್ದು ನೀವು ನಾಳಿ ನನಗ ಹೂಂ ಅಂದ್ರ, ಅದು ಮನಿಗೆ ಅಂದಿದ್ದೋ, ನನಗ ಅಂದಿದ್ದೋ? ಊಹೂಂ ಅನಬೇಕಾದ್ರ ಎಲ್ಲಿ ಹೋಗ್ತೀರಿ? ಮಗಳ ಸಾಲಿ ಬಿಡಿಸಿ ಮತ್ತ ಗಂಟು ಕಟ್ಟತೀರೇನು? ನಿಮ್ಮದು ಅಂತ ಒಂದು ಬಾಗಲಾ ಇರಲಿ. ಬೇಕಾದ್ರ ತಗೀರಿ, ಬ್ಯಾಡಾದ್ರ ಮುಚ್ಚಿ ಬಿಡ್ರಿ."

ಮೇಘಾ ಬಾಯಿ ತೆರೆದಳು.

"ಈಗ ಏನೂ ಹೇಳಬ್ಯಾಡ್ರಿ," ಎಂದು ಅವನು ಬೈಕ್ ಏರಿ ಹೊರಟೇಹೋದ.

* * *

ಜುಲೈ ಬಂತು; ಕೃಷ್ಣಾಬಾಯಿಯ ಮನೆ ಸೇರಿ ತಿಂಗಳಾಗಿತ್ತು. ಕಚೇರಿಯಲ್ಲಿ ಒಂದು ಮೀಟಿಂಗು ಸಂಜೆ ಆರೂವರೆಯವರೆಗೂ ಎಳೆಯಿತು. ನಿಖಿತಾ ಟ್ಯೂಷನ್‌ನಿಂದ ಬರುವ ಹೊತ್ತು. ಮೇಘಾ ಚಡಪಡಿಸುತ್ತ ಹೊರಗೆ ಬರುತ್ತಿದ್ದಂತೆ ಕೃಷ್ಣಾಬಾಯಿಯ ಫೋನು.

"ನಿನ್ನ ಪೋರಿ ಬಂದಾಳ ನೋಡ. ಒಬ್ಬಾಕಿನ ಬಂದ್ಲು, ರಾಣಿ ಹಂಗ! ಹಾಲು ಕುಡದು ಅಭ್ಯಾಸಕ್ಕ ಕುಂತಾಳ. ನೀ ಸಾವಕಾಶ ಬಾ."

ಮೇಘಾ ಕಚೇರಿಯ ಮೆಟ್ಟಿಲ ಮೇಲೆ ಹಾಗೇ ಕುಳಿತಳು. ಮಗಳು ಮನೆ ಸೇರಿದ್ದಾಳೆ. ಓಣಿ ಸರಿಯಿದೆ, ಶಾಲೆ ಸರಿಯಿದೆ. ಹೆದರುವಂಥದ್ದು ಏನೂ ಉಳಿದಿಲ್ಲ. ಹೆದರಿಕೆಯ ಕೆಳಗೆ ಇಷ್ಟು ದಿನ ಅಡಗಿದ್ದ ದಣಿವೊಂದೇ ಈಗ ಮೈತುಂಬ ಏರಿ ಬಂತು.

ಬೆರಳು ತಾನಾಗಿಯೇ ಒಂದು ನಂಬರ್ ಒತ್ತಿತು.

"ಏನಾತ್ರಿ?" ಶಶಿಧರನ ದನಿಯಲ್ಲಿ ಗಾಬರಿ. "ನಿಖಿತಾ ಆರಾಮ ಅದಾಳಲ್ಲ?"

"ಅದಾಳ."

"ನೀರು ಬಂದಿಲ್ಲೇನು?"

"ಬಂದಾವ."

"ಮತ್ತ...?"

"ಮತ್ತೇನಿಲ್ಲ. ಕೆಲಸ ಇಲ್ಲದ, ಸುಮ್ನ ಫೋನ್ ಮಾಡೇನಿ."

ಆ ಕಡೆ ಅಂಗಡಿಯ ಗದ್ದಲವೆಲ್ಲ ನಿಂತಂತಾಯಿತು.

"ಎಲ್ಲಿ ಅದೀರಿ?"

"ಕಚೇರಿ ಮೆಟ್ಟಿಲ ಮ್ಯಾಲೆ. ದಣದೇನ್ರಿ... ಭಾಳ ದಿನದಿಂದ ದಣದೇನಿ. ಯಾರ ಮುಂದೂ ಹೇಳಿದ್ದಿಲ್ಲ."

"ಅಲ್ಲೇ ಕುಂದರ್ರಿ. ಬಂದೆ."

ಅವನು ಬಂದಾಗ ಅಂಗಿಗೆಲ್ಲ ಬೆಲ್ಲದ ಪುಡಿ. ಪಕ್ಕದಲ್ಲಿ ಕುಳಿತ. ಏನಾಯಿತು, ಏನು ಮಾಡೋಣ ಎಂದು ಕೇಳಲಿಲ್ಲ. ಅವಳು ಕಣ್ಣೊರೆಸಿಕೊಳ್ಳುವ ತನಕ ಸುಮ್ಮನೆ ಕಾದ.

"ಮೇಘಾ, ನನ್ನ ಮದಿವಿ ಆಗ್ತೀರೇನು?"

"ಹೂಂ."

"ಖರೇ?"

"ಖರೇ. ಆದ್ರ ನಿಖಿತಾನ್ನ ಕೇಳಬೇಕು."

"ಆಕಿ ಈಗ ಬ್ಯಾಡ ಅಂದ್ರ?"

"ಕಾಯಬೇಕು. ಕಾಯ್ತೀರೇನು?"

"ಕಾಯ್ತೇನಿ. ನೀವು ಬಾಜೂಕ ಕುಂತಿದ್ರ ಎಷ್ಟರ ಕಾಯ್ತೇನಿ."

ಅವಳು ಅವನ ಭುಜಕ್ಕೆ ತಲೆ ಆನಿಸಿದಳು.

ಖಾನಾಪುರದ ಕಡಿಮೆ ಬಾಡಿಗೆ ಹೋಯಿತು. ಕೈಯಲ್ಲಿದ್ದ ಉಳಿತಾಯ ಬಹುಪಾಲು ಕರಗಿತು. ಯಾರೂ ಬೇಡ ಎಂದು ನಾಲ್ಕು ವರ್ಷ ಕಾಪಾಡಿಕೊಂಡು ಬಂದ ಹಟವೂ ಹೋಯಿತು. ಬದಲಿಗೆ ಮಗಳಿಗೆ ಒಬ್ಬಳೇ ನಡೆದು ಬರುವ ಓಣಿ ಸಿಕ್ಕಿತು. ಮೇಘಾಗೆ, ದಣಿದಿದ್ದೇನೆ ಎಂದು ಹೇಳಿಕೊಳ್ಳಲು ಒಬ್ಬ ಮನುಷ್ಯ ಸಿಕ್ಕಿದ.