ಮೊದಲು ಬಿಟ್ಟ ಮೀನು

ಮೋಹಿನಿ ಹರಿಕಂತ್ರ ಕಾವಲಿಯ ಮೇಲೆ ಬಂಗುಡೆ ಹಾಕಿದ್ದೇ ತಡ, ಅಡುಗೆಮನೆ ತುಂಬ ಹೊಗೆ ಎದ್ದಿತು. ಕಿಟಕಿ ತೆರೆಯುವ ಮಾತೇ ಇಲ್ಲ. ಗಾಜಿನಾಚೆ ಇದ್ದದ್ದು ಅರಬ್ಬೀ ಸಮುದ್ರ. ಆದರೂ ಹೊಗೆ ಅಲ್ಲೇ ನಿಲ್ಲಲಿಲ್ಲ. ಹಿಂದಿನ ಗೋಡೆಯತ್ತ ಸರಿದು, ಅಲ್ಲಿನ ಸಣ್ಣ ಸಣ್ಣ ತೂತುಗಳೊಳಗೆ ಹೊಕ್ಕು ಮಾಯವಾಯಿತು. ಮೀನು ಮಗುಚಿ ಹಾಕುವಷ್ಟರಲ್ಲಿ ಮೆಣಸಿನ ಘಾಟೂ ಉಳಿದಿರಲಿಲ್ಲ.

“ನಿಮ್ಮ ಗೋಡೆಗೆ ನಮಗಿಂತ ಹಸಿವು ಜಾಸ್ತಿ, ಬಾಯೋರೆ” ಎಂದಳು ಮೋಹಿನಿ.

ಡಾಕ್ಟರ್ ಸುಮೇಧಾ ರಾಯ್ಕರ್ ನಕ್ಕಳು. ಗೋಡೆ ಅವಳ ಸಂಶೋಧನೆ, ಹೆಸರು ಉಸಿರುಗೋಡೆ. ಬೇಸಗೆಯಲ್ಲಿ ಹಗಲು ಹೊತ್ತು ನೆಲದ ಮೇಲೆ ತಿರುಗಾಡುವುದೇ ಕಷ್ಟವಾಗಿದ್ದ ಆ ಕಾಲದಲ್ಲಿ, ಕಾರವಾರದ ಕಡಲ ತಳದಲ್ಲಿ ಗುಮ್ಮಟ ಕಟ್ಟಿ ಅದರೊಳಗೆ ತಂಪಾಗಿ ಬದುಕಲು ಸಾಧ್ಯವಾದದ್ದು ಅದರಿಂದಲೇ. ಮುಚ್ಚಿದ ಜಾಗದಲ್ಲಿ ಜನ ಇದ್ದರೆ ಅವರ ಬೆವರು, ಬಚ್ಚಲ ನೀರು, ಕೊಳೆತ ಕಸ ಎಲ್ಲದರಿಂದ ಅಮೋನಿಯಾ ಹುಟ್ಟುತ್ತದೆ. ಕಣ್ಣು ಉರಿಸುವ, ಎದೆ ಬಿಗಿಯುವ ಅನಿಲ ಅದು. ಗೋಡೆಯೊಳಗಿನ ತೂತುಗಲ್ಲುಗಳಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಆ ವಿಷವನ್ನು ತಿಂದು ನೈಟ್ರೇಟ್ ಮಾಡುತ್ತದೆ. ಅದು ಗುಮ್ಮಟದ ಕೈತೋಟಕ್ಕೆ ಗೊಬ್ಬರ. ತೊಡಕು ಒಂದೇ. ಎರಡನೆಯ ಜಾತಿ ಮಹಾ ಸೋಮಾರಿ, ಬೆಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಗೋಡೆ ಹೀಗೆ ಮಾಗುವ ತನಕ ಒಳಗಿದ್ದವರು ಕೆಟ್ಟ ಗಾಳಿಯನ್ನೇ ಉಸಿರಾಡಬೇಕು.

ಖಾಲಿ ಗುಮ್ಮಟಕ್ಕೆ ಕೊಳೆತ ಮೀನಿನ ನೀರು ಹಾಯಿಸಿ ಗೋಡೆಯನ್ನು ನಿಧಾನಕ್ಕೆ ಮಾಗಿಸಬಹುದಿತ್ತು. ಕಟ್ಟಿದ ಸಂಸ್ಥೆಗೆ ಅಷ್ಟು ತಾಳ್ಮೆ ಇರಲಿಲ್ಲ. ತನ್ನ ಗೋಡೆ ಕೆಲಸ ಮಾಡುವುದನ್ನು ಬೇಗ ನೋಡುವ ಆಸೆ ಸುಮೇಧಾಳಿಗೂ ಇತ್ತು. ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡ ಎಂಟು ಮೀನುಗಾರ ಕುಟುಂಬಗಳನ್ನು ಒಳಗೆ ಬಿಟ್ಟರು. ಅವರ ಉಸಿರು, ಅವರ ಬಚ್ಚಲೇ ಗೋಡೆಗೆ ಆಹಾರ. ಮೊದಲ ತಿಂಗಳುಗಳಲ್ಲಿ ಮಕ್ಕಳು ಕಣ್ಣುಜ್ಜಿಕೊಳ್ಳುತ್ತಲೇ ಏಳುತ್ತಿದ್ದವು. ಮೋಹಿನಿಯ ಗಂಡ ಗಣಪತಿಗೆ ಹತ್ತಿದ ಕೆಮ್ಮು ಇನ್ನೂ ಬಿಟ್ಟಿರಲಿಲ್ಲ. ಆಗ ಸುಮೇಧಾ, “ಸ್ವಲ್ಪ ತಡ್ಕೊಳ್ಳಿ ಮೋಹಿನಕ್ಕಾ. ಗಾಳಿ ಮಾಗಿದ ಮೇಲೆ ಇದು ನಿಮ್ಮದೇ ಮನೆ” ಎಂದಿದ್ದಳು. ಹಾಗೆ ಹೇಳಲು ಅವಳಿಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಮಾತು ಬಾಯಿಂದ ಬಂದುಬಿಟ್ಟಿತ್ತು, ಎಂಟು ಮನೆಯವರೂ ಅದನ್ನು ನಂಬಿದ್ದರು.

ಉಸಿರುಗೋಡೆಯ ಉಪಾಯ ತನಗೆ ಹೊಳೆದದ್ದು ಕಡಲ ಮೀನಿನ ತೊಟ್ಟಿಯಿಂದ ಎಂದು ಸುಮೇಧಾ ಹೋದಲ್ಲೆಲ್ಲ ಭಾಷಣ ಬಿಗಿಯುತ್ತಿದ್ದಳು. ತಮಾಷೆಯೆಂದರೆ, ಹುಟ್ಟಿದಾರಭ್ಯ ಅವಳು ಒಂದು ಮೀನನ್ನೂ ಸಾಕಿದವಳಲ್ಲ. ಸಹೋದ್ಯೋಗಿಗಳು ಕಾಲೆಳೆದದ್ದು ಅತಿಯಾದಾಗ ಕೋಡಿಬಾಗದ ನಝೀರನ ಸಾಕುಮೀನಿನ ಅಂಗಡಿಗೆ ಹೋಗಿ ಮನೆಗೆ ಒಂದು ತೊಟ್ಟಿ ತಂದಳು. ಉಪ್ಪುನೀರು ತುಂಬಿಸಿದಳು, ಕಲ್ಲು ಜೋಡಿಸಿದಳು, ಪಂಪು ಓಡಿಸಿದಳು.

“ಈಗ ಎರಡು ದಾರಿ, ಮೇಡಂ” ಎಂದಿದ್ದ ನಝೀರ್. “ಒಂದು ಸೀಗಡಿ ಹಾಕಿ ಕೊಳೆಯೋಕೆ ಬಿಡಿ, ನೀರು ಮಾಗೋ ತನಕ ಕಾಯಿರಿ. ಇಲ್ಲ, ಈ ನೀಲಿ ಡ್ಯಾಮ್ಸೆಲ್ ಬಿಡಿ. ಅಗ್ಗದ ಮೀನು, ಗಟ್ಟಿ ಜೀವ. ಎಂಥಾ ನೀರಾದ್ರೂ ತಡೀತದೆ.”

ಖಾಲಿ ನೀರು ನೋಡುತ್ತ ಕೂರಲು ಯಾರಿಗೆ ಪುರುಸೊತ್ತು? ಸುಮೇಧಾ ಡ್ಯಾಮ್ಸೆಲ್ ತಂದಳು. ಹೆಬ್ಬೆರಳಷ್ಟು ಉದ್ದದ ಆ ಮೀನು ಕೆಲವು ವಾರ ಮೂಲೆಯಲ್ಲಿ ಕಿವಿರು ಬಡಿಯುತ್ತ, ಬಣ್ಣಗೆಟ್ಟು ನಿಂತಿತ್ತು. ಸಾಯಲಿಲ್ಲ. ನೀರು ಮಾಗಿತು, ಮೀನಿಗೆ ನೀಲಿ ಮರಳಿತು. ಆಮೇಲೆ ಅವಳು ಆಸೆಪಟ್ಟು ಒಂದು ಚಿಟ್ಟೆಮೀನು ತಂದು ಬಿಟ್ಟಳು. ಹಳದಿ ಮೈಯ, ಬಲು ನಾಜೂಕಿನ, ದುಬಾರಿ ಮೀನು.

ಅದೇ ವಾರ ಯೋಜನೆಯ ಮುಖ್ಯಸ್ಥ ಕೀರ್ತನ್ ಭಂಡಾರಿ ಅವಳನ್ನು ಕರೆಸಿದ.

“ಗಾಳಿ ಅದ್ಭುತವಾಗಿದೆ, ಡಾಕ್ಟರ್. ಮನೆ ಕೊಳ್ಳೋರು ಬರೋ ಸೋಮವಾರ ನೋಡೋಕೆ ಬರ್ತಾರೆ. ಆ ಎಂಟು ಕುಟುಂಬಗಳನ್ನ ಸ್ಥಳಾಂತರ ಮಾಡಬೇಕು.”

“ಅವರನ್ನ ತೆಗೆದರೆ ಗೋಡೆ ಹಸಿದು ಸಾಯುತ್ತೆ” ಎಂದಳು ಸುಮೇಧಾ ಗಡಿಬಿಡಿಯಲ್ಲಿ.

“ಒಂದೇ ಸಲ ತೆಗೆದರೆ ಅಲ್ವಾ? ಒಂದು ಕುಟುಂಬ ಹೊರಗೆ, ಒಂದು ಕುಟುಂಬ ಒಳಗೆ. ಗೋಡೆಗೆ ಯಾರ ಉಸಿರಾದರೇನು? ವರದಿಯಲ್ಲಿ ನೀವೇ ಬರೆದಿದ್ದೀರಿ.” ಭಂಡಾರಿ ಕೆಟ್ಟವನೇನಲ್ಲ, ಓದಿದ್ದನ್ನು ನೆನಪಿಟ್ಟುಕೊಂಡಿದ್ದ, ಅಷ್ಟೆ. “ಅವರನ್ನ ಬೀದಿಗೆ ಹಾಕೋದಿಲ್ಲ. ಎರಡನೇ ಗುಮ್ಮಟ ಎದ್ದಿದೆಯಲ್ಲ, ಅಲ್ಲಿ ಇರಲಿ. ಅವರಿಗೆ ಅಭ್ಯಾಸವಿದೆ, ಗಟ್ಟಿ ಜನ. ನೀವು ಹೇಳಿದರೆ ಕೇಳ್ತಾರೆ.”

ಈ ಕರಾವಳಿಯವರಿಗೆ ‘ಜಾಗ ಬಿಟ್ಟು ಏಳಿ’ ಅನ್ನಿಸಿಕೊಳ್ಳುವುದು ಹೊಸದಲ್ಲ. ಅದನ್ನು ಹೇಳುವ ಬಾಯಿ ತನ್ನದಾಗುತ್ತದೆಂದು ಸುಮೇಧಾ ಕನಸಿನಲ್ಲೂ ಎಣಿಸಿರಲಿಲ್ಲ.

ಮನೆಗೆ ಬಂದು ನೋಡಿದರೆ ತೊಟ್ಟಿಯಲ್ಲಿ ಬೇರೆ ರಾಮಾಯಣ. ಚಿಟ್ಟೆಮೀನಿನ ರೆಕ್ಕೆ ಹರಿದು ಜೋಲುತ್ತಿತ್ತು. ಅದು ಕಲ್ಲಿನ ಹತ್ತಿರ ಬಂದರೆ ಸಾಕು, ಡ್ಯಾಮ್ಸೆಲ್ ನುಗ್ಗಿ ಅಟ್ಟುತ್ತಿತ್ತು. ಅವಳು ನಝೀರನಿಗೆ ಫೋನು ಮಾಡಿದಳು.

“ಹೊಸಬರೆಲ್ಲ ಮಾಡೋ ತಪ್ಪೇ ಇದು, ಮೇಡಂ” ಎಂದು ಅವನು ನಕ್ಕ. “ಮೊದಲು ಬಿಟ್ಟ ಮೀನಿಗೆ ತೊಟ್ಟಿ ತನ್ನದು ಅನ್ನಿಸಿಬಿಡ್ತದೆ. ಕಲ್ಲೆಲ್ಲ ತೆಗೆದು, ಅದನ್ನ ಹಿಡಿದು ತಂದುಕೊಡಿ. ಬೇರೆಯವರ ಹೊಸ ತೊಟ್ಟಿಗೆ ಕೊಡ್ತೇನೆ.”

“ಮತ್ತೆ ಹಸಿ ನೀರಿಗಾ?”

“ಅದಕ್ಕೇ ಅಲ್ವಾ ಅದನ್ನ ಇಟ್ಟಿರೋದು?”

ಸುಮೇಧಾ ಬಲೆ ಹಿಡಿದು ತೊಟ್ಟಿಯೆದುರು ನಿಂತೇ ಇದ್ದಳು. ಡ್ಯಾಮ್ಸೆಲ್ ಕಲ್ಲಿನ ಸಂದಿಯಿಂದ ಅವಳನ್ನೇ ದಿಟ್ಟಿಸುತ್ತಿತ್ತು. ಅವಳಿಗೆ ನಾಚಿಕೆಯಾಯಿತು, ತಡೆಯಲಾಗದಷ್ಟು ನಾಚಿಕೆ. ಕೊನೆಗೆ ಬಲೆಗೆ ಹಿಡಿದದ್ದು ಚಿಟ್ಟೆಮೀನನ್ನು. ಚೀಲದಲ್ಲಿ ನೀರು ತುಂಬಿ ಅದನ್ನೇ ಅಂಗಡಿಗೆ ಒಯ್ದು ಕೊಟ್ಟುಬಂದಳು. ಮೇಡಂಗೆ ತಲೆ ಕೆಟ್ಟಿರಬೇಕೆಂದು ನಝೀರ್ ಅಂದುಕೊಂಡಿರಬಹುದು.

ಮರುದಿನ ಗುಮ್ಮಟಕ್ಕೆ ಇಳಿದು ಮೋಹಿನಿಗೆ ಎಲ್ಲವನ್ನೂ ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ. ಮೋಹಿನಿ ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಆ ಗುಮ್ಮಟದ ಗೋಡೆ ಮಾಗಿದ್ಯಾ ಬಾಯೋರೆ?”

“ಇಲ್ಲ.”

“ಅಂದ್ರೆ ಮತ್ತೆ ನಾವೇ.” ಅವಳ ದನಿ ಏರಿತು. “ಅದು ಮಾಗಿದ್ ಮೇಲೆ ಮೂರನೇದು, ಆಮೇಲೆ ನಾಕನೇದು. ಇವರ ಕೆಮ್ಮು ಕೇಳ್ತದಲ್ಲ ನಿಮಗೆ? ಈ ಮನೆಗೇಂತ ಹತ್ತಿದ್ದು ಅದು. ನಿಮ್ಮದೇ ಮನೆ ಅಂದದ್ದು ಯಾರು?”

“ನಾನೇ.”

“ಹಂಗಾರೆ ಹೋಗುದು ಯಾಕೆ ನಾವು? ನೀವೇ ಹೇಳಿ, ಬೇರೆಯವರ ಮಾತು ನಂಗೆ ಬೇಡ.”

ಒಳಕೋಣೆಯಲ್ಲಿ ಗಣಪತಿ ಕೆಮ್ಮುತ್ತಲೇ ಇದ್ದ. ಸುಮೇಧಾ ಆ ಕಡೆ ತಿರುಗಿ ನೋಡಿ, “ಹೋಗಬೇಡಿ” ಎಂದಳು.

ಅವಳ ಕೈಯಲ್ಲಿ ಉಳಿದಿದ್ದದ್ದು ಒಂದೇ. ಹಾಲಿಗೆ ಹೆಪ್ಪು ಹಾಕಿದಂತೆ, ಹೊಸ ಗೋಡೆಗೆ ಮೊದಲ ಬ್ಯಾಕ್ಟೀರಿಯಾ ಹಾಕಬೇಕಾದವಳು ಅವಳೇ. ಹೆಪ್ಪಿಗೆ ಬೇಕಾದ ಶುದ್ಧ ತಳಿ ಅವಳ ಪ್ರಯೋಗಾಲಯ ಬಿಟ್ಟು ಬೇರೆಲ್ಲೂ ಇರಲಿಲ್ಲ; ಅವಳು ಕೊಡದೆ ಎರಡನೇ ಗುಮ್ಮಟ ಮಾಗುವಂತಿರಲಿಲ್ಲ. ಸೋಮವಾರ ಮನೆ ಕೊಳ್ಳುವವರು ಬಂದರು. ಎದೆ ತುಂಬ ಉಸಿರೆಳೆದುಕೊಂಡು, “ಆಹಾ, ಎಂಥ ಗಾಳಿ! ಎಷ್ಟು ತಂಪು!” ಎಂದರು. ಭಂಡಾರಿ ಹಿಗ್ಗಿದ. ಮೋಹಿನಿ ತನ್ನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

ಸುಮೇಧಾ ಮುಂದೆ ಬಂದಳು. “ಈ ಗಾಳಿ ಮಾಡಿದ್ದು ಇಲ್ಲಿರುವ ಎಂಟು ಕುಟುಂಬಗಳು. ಅವರು ಇಲ್ಲೇ ಇರುತ್ತಾರೆ. ನಿಮಗೆ ಎರಡನೇ ಗುಮ್ಮಟವಿದೆ. ನೀವೇ ಬಂದು ಅದರಲ್ಲಿ ವಾಸ ಮಾಡುವುದಾದರೆ ನಾಳೆಯೇ ಹೆಪ್ಪು ಹಾಕುತ್ತೇನೆ. ಗೋಡೆ ಮಾಗುವ ತನಕ ಕಣ್ಣು ಉರಿಯುತ್ತೆ, ತಲೆ ಸಿಡಿಯುತ್ತೆ, ಕೆಲವರಿಗೆ ಕೆಮ್ಮು ನಿಲ್ಲದೇ ಹೋಗಬಹುದು. ನಾನೂ ನಿಮ್ಮ ಜೊತೆ ಇರುತ್ತೇನೆ. ಇಲ್ಲದಿದ್ದರೆ ಗುಮ್ಮಟ ಖಾಲಿ ಇಟ್ಟು ಮಾಗಿಸೋಣ, ಕಾಯಿರಿ. ಯಾರು ಬರುತ್ತೀರಿ?”

ಭಂಡಾರಿಯ ಮುಖ ಕಪ್ಪಿಟ್ಟಿತು. ಬಂದವರಲ್ಲೊಬ್ಬರು ಕೈಗಡಿಯಾರ ನೋಡಿಕೊಂಡರು. ಮೊಮ್ಮಗಳ ಕೈ ಹಿಡಿದಿದ್ದ ಹಿರಿಯ ಹೆಂಗಸೊಬ್ಬರು, ಮುಖದಲ್ಲೇ ಒಳ್ಳೆಯತನ ಕಾಣುವಂಥವರು, ಸಂಕೋಚದಿಂದ ಕೇಳಿದರು:

“ಅಲ್ಲಮ್ಮಾ, ಮೊದಲು ಇರೋದಕ್ಕೆ ಅಂತ ಬೇರೆ ಯಾರಾದ್ರೂ ಸಿಕ್ಕೇ ಸಿಗ್ತಾರಲ್ವಾ? ಯಾವಾಗ್ಲೂ ಸಿಗ್ತಾರೆ.”

ಅವರ ಮಾತಿನಲ್ಲಿ ಕೇಡಿರಲಿಲ್ಲ. ಅವರು ಇದುವರೆಗೆ ಬದುಕಿದ ಮನೆಗಳು, ನಡೆದ ರಸ್ತೆಗಳು, ಕುಡಿದ ನೀರು, ಎಲ್ಲವೂ ಹಾಗೇ ಸಿಕ್ಕಿದ್ದವು.

ಮೋಹಿನಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಸುಮೇಧಾ ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.